ವರ್ತೂರಿನ ಎಂಟು ಮನೆ ಬಿಲ್ಡಿಂಗು

ಐವತ್ತೆರಡನೇ ವಯಸ್ಸಿಗೆ ನಾನು ಬ್ಯಾಂಕಿನಿಂದ ಸ್ವಯಂ ನಿವೃತ್ತಿ ತೆಗೆದುಕೊಂಡೆ. ಯಾಕೆ ಅಂತ ಕೇಳಿದವರಿಗೆಲ್ಲ ಬಿ.ಪಿ. ಎಂದೆ. ನಿಜಕ್ಕೂ ಬಿ.ಪಿ. ಇರಲಿಲ್ಲ, ಬಂದುಬಿಡುತ್ತದೆ ಎನ್ನುವ ಚಿಂತೆ ಇತ್ತು. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿ, "ಎಲ್ಲ ನಾರ್ಮಲ್" ಎಂದಾಗ, ಆ ಯಂತ್ರ ಸರಿಯಾಗಿದೆಯೇ ಎಂದು ವಿಚಾರಿಸಿದವನು ನಾನು. ಇಂಥವನನ್ನು ಬ್ಯಾಂಕು ತಕ್ಕ ಜಾಗಕ್ಕೇ ಹಾಕಿತ್ತು. ಬಾಡಿಗೆ ಕಟ್ಟಡ ಕೊಳ್ಳುವುದಕ್ಕೆ ಸಾಲ ಕೇಳಿಕೊಂಡು ಬರುವವರ ಕಟ್ಟಡ ನೋಡಿ ಬಂದು, ಅದರ ಬಾಡಿಗೆ ಸಾಲದ ಕಂತನ್ನು ಹೊರುತ್ತದೋ ಇಲ್ಲವೋ ಎಂದು ವರದಿ ಬರೆಯುವ ಕೆಲಸ. ವೈಟ್‌ಫೀಲ್ಡಿನಿಂದ ಬೊಮ್ಮಸಂದ್ರದವರೆಗೆ ನಾನು ಹತ್ತದ ಮೆಟ್ಟಿಲಿಲ್ಲ, ಅನುಮಾನದಿಂದ ನೋಡದ ನೀರಿನ ಟ್ಯಾಂಕಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಮೊದಲ ಸಲ ಬಾಡಿಗೆ ಮನೆ ಕೊಳ್ಳಹೊರಟವರು ಓದಿದರೂ ನಷ್ಟವಿಲ್ಲ.

ಕೆಲಸ ಕಲಿಸಿದವರು ನನಗಿಂತ ಮೊದಲು ಆ ಕುರ್ಚಿಯಲ್ಲಿದ್ದ ನಂಜುಂಡಯ್ಯನವರು. ಮೊದಲ ದಿನ ಬ್ರೂಕ್‌ಫೀಲ್ಡಿನ ಒಂದು ಕಟ್ಟಡದ ಮುಂದೆ ನಿಲ್ಲಿಸಿ, "ಏನು ಕಾಣ್ತದೆ ಹೇಳಪ್ಪ" ಎಂದರು. ನಾನು ಬಿರುಕು, ಪೇಂಟು, ಕಿಟಕಿ ಎಂದೆಲ್ಲ ಶುರುಮಾಡಿದೆ. "ಅದನ್ನ ಎಂಜಿನಿಯರ್ ನೋಡ್ಕೋತಾನೆ. ನೀನು ಚಪ್ಪಲಿ ನೋಡು" ಎಂದರು. ಬಾಗಿಲ ಮುಂದಿನ ಚಪ್ಪಲಿ ನೋಡಿದರೆ ಒಳಗೆ ಸಂಸಾರವಿದೆಯೋ, ನಾಲ್ಕು ಜನ ಬ್ಯಾಚುಲರುಗಳಿದ್ದಾರೋ, ಮನೆ ಖಾಲಿಯೋ ಗೊತ್ತಾಗುತ್ತದೆ. ಆಮೇಲೆ ಕರೆಂಟ್ ಮೀಟರು, ಬಟ್ಟೆ ಒಣಹಾಕುವ ತಂತಿ. ಕೊನೆಗೆ, ಯಾರಾದರೂ ಬಾಗಿಲು ತೆಗೆದರೆ ಬಾಡಿಗೆ ಎಷ್ಟು ಅಂತ ನೇರವಾಗಿ ಕೇಳಬಾರದು. ಕೇಳಿದರೆ ಇನ್‌ಕಮ್ ಟ್ಯಾಕ್ಸಿನವನು ಬಂದ ಅಂತ ಬಾಗಿಲು ಹಾಕಿಕೊಳ್ಳುತ್ತಾರೆ. "ನಲ್ಲಿ ಸೋರಿದರೆ ಯಾರಿಗೆ ಹೇಳ್ತೀರಮ್ಮ ಅಂತ ಕೇಳು. ಅಲ್ಲಿಂದ ಅವರೇ ಮಾತಾಡ್ತಾರೆ, ನಿಲ್ಲಿಸೋದೇ ಕಷ್ಟ."

ಚಪ್ಪಲಿ ವಿದ್ಯೆ ಬ್ರೋಕರುಗಳಿಗೂ ತಿಳಿಯುವುದಕ್ಕೆ ಹೆಚ್ಚು ಕಾಲ ಹಿಡಿಯಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಟ್ಟಡದಲ್ಲಿ ಪ್ರತಿ ಬಾಗಿಲ ಮುಂದೆಯೂ ಜೋಡಿ ಜೋಡಿ ಚಪ್ಪಲಿ ನೋಡಿ ಖುಷಿಯಾಗಿ, ತುಂಬಿದ ಕಟ್ಟಡ ಅಂತ ಬರೆಯುವುದರಲ್ಲಿದ್ದೆ. ಮೂರನೇ ಮಹಡಿಗೆ ಹತ್ತುವ ಹೊತ್ತಿಗೆ ಏನೋ ಕೊರೆಯತೊಡಗಿತು. ಬಗ್ಗಿ ನೋಡಿದೆ. ಎಲ್ಲವೂ ಗಂಡಸರ ಚಪ್ಪಲಿ, ಎಲ್ಲವೂ ಒಂದೇ ಸೈಜು, ಒಂದಕ್ಕೂ ಧೂಳಿಲ್ಲ. ಕೆಳಗೆ ಬಂದು ಬ್ರೋಕರಿಗೆ, "ಇಲ್ಲಿರೋರೆಲ್ಲ ಅವಳಿ ಜವಳಿನಾ?" ಎಂದೆ. ಅವನು ನಾಚಿಕೊಳ್ಳಲಿಲ್ಲ. "ಸಾರ್, ನಿಮಗೆ ಬೇಕಾದ್ರೆ ಒಂದು ಜೊತೆ ತಗೊಂಡ್ಹೋಗಿ" ಎಂದ.

ಅನುಮಾನ ಹೆಚ್ಚಾಗಿ ಕೆಟ್ಟದ್ದೂ ಉಂಟು. ಬೊಮ್ಮಸಂದ್ರದಲ್ಲಿ ಒಬ್ಬರು ಶಿಫ್ಟ್ ಕೆಲಸಗಾರರಿಗೆಂದು ಪಿ.ಜಿ. ಮಾಡಲು ಕಟ್ಟಡ ಕೊಳ್ಳಹೊರಟಿದ್ದರು. ಫ್ಯಾಕ್ಟರಿ ಮುಚ್ಚಿದರೆ? ಬಸ್ಸಿನ ದಾರಿ ಬದಲಾದರೆ? ಬೋರ್‌ವೆಲ್ ಬತ್ತಿದರೆ? ನನ್ನ ವರದಿಯನ್ನು ಓದಿದವರಿಗೆ ಆ ಊರೇ ಮುಂದಿನ ವಾರ ಭೂಮಿಯೊಳಗೆ ಹೋಗುತ್ತದೆ ಅನ್ನಿಸಬೇಕು, ಹಾಗಿತ್ತು. ಸಾಲ ಸಿಗಲಿಲ್ಲ. ಅವರು ಬೇರೆ ಬ್ಯಾಂಕಿಗೆ ಹೋಗಿ ಅದೇ ಕಟ್ಟಡ ಕೊಂಡು, ಪಕ್ಕದ್ದನ್ನೂ ಕೊಂಡರು. ಪ್ರತಿ ಆಯುಧಪೂಜೆಗೆ ಸ್ವೀಟ್ ಬಾಕ್ಸ್ ಹಿಡಿದು ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದರು. "ತಿನ್ನಿ ಸಾರ್, ನೀವು ಬೇಡ ಅಂದ ಬಿಲ್ಡಿಂಗಿಂದು." ತಿನ್ನುತ್ತಿದ್ದೆ. ಒಳ್ಳೆಯ ತುಪ್ಪದ್ದೇ ತರುತ್ತಿದ್ದರು.

ನನಗೆ ಆಫೀಸಿನಲ್ಲಿದ್ದ ಹೆಸರು 'ಆದರೆ ಸಾರ್'. ವರದಿಯ ಮೊದಲ ಪ್ಯಾರಾ ಕಟ್ಟಡ ಚೆನ್ನಾಗಿದೆ ಎನ್ನುತ್ತಿತ್ತು, ಎರಡನೆಯದು 'ಆದರೆ' ಎಂದು ಶುರುವಾಗುತ್ತಿತ್ತು. ಮ್ಯಾನೇಜರ್ ಪದ್ಮಜಾ ಮೇಡಂ ಮೊದಲ ಪ್ಯಾರಾ ಓದುತ್ತಲೇ ಇರಲಿಲ್ಲ.

ಲೆಕ್ಕದ ವಿಷಯದಲ್ಲಿ ಮಾತ್ರ ನನ್ನ ಭಯ ಕೆಲಸಕ್ಕೆ ಬಂತು. ವೈಟ್‌ಫೀಲ್ಡಿನ ಗಂಡ ಹೆಂಡತಿ ಇಬ್ಬರು ಲ್ಯಾಪ್‌ಟಾಪ್ ತೆರೆದು, ಬಾಡಿಗೆಯನ್ನು ಹನ್ನೆರಡು ತಿಂಗಳಿಂದ ಗುಣಿಸಿ, ಕಂತು ಕಳೆದು, ಉಳಿದದ್ದಕ್ಕೆ ಹಸಿರು ಬಣ್ಣ ಹಚ್ಚಿ ತಂದಿದ್ದರು. ನಾನು ಕೇಳಿದ್ದು ಇಷ್ಟೇ: "ಒಬ್ಬರು ಖಾಲಿ ಮಾಡಿ ಇನ್ನೊಬ್ಬರು ಬರುವ ತನಕ ಆ ಮನೆಗೆ ಬಾಡಿಗೆ ಯಾರು ಕೊಡ್ತಾರೆ?" ಹೆಂಡತಿ ಹಸಿರು ಬಣ್ಣ ಅಳಿಸತೊಡಗಿದರು. ವರ್ಷಕ್ಕೆ ಹತ್ತು ತಿಂಗಳ ಬಾಡಿಗೆ ಮಾತ್ರ ಬರುತ್ತದೆ ಎಂದು ಹಿಡಿಯಿರಿ. ಉಳಿದೆರಡು ತಿಂಗಳು ಸುಣ್ಣ ಬಣ್ಣಕ್ಕೆ, ಮೋಟರ್ ರಿಪೇರಿಗೆ, ಟ್ಯಾಂಕರ್ ನೀರಿಗೆ, ಖಾಲಿ ಬಿದ್ದ ದಿನಗಳಿಗೆ. ಹತ್ತು ತಿಂಗಳ ಬಾಡಿಗೆಯಲ್ಲಿ ಹನ್ನೆರಡು ಕಂತು ಕಟ್ಟಲು ಆಗುವಷ್ಟು ಸಾಲ ಮಾತ್ರ ಮಾಡಿ. ಇಷ್ಟು ಅರ್ಥವಾದರೆ ಈ ವಿದ್ಯೆಯಲ್ಲಿ ಅರ್ಧ ಬಂದ ಹಾಗೆ. ಇನ್ನರ್ಧ ನನಗೆ ಸರಿಯಾಗಿ ಗೊತ್ತಾದದ್ದು ವರ್ತೂರಿನಲ್ಲಿ.

ಮಹಾಂತೇಶ್ ಮತ್ತು ಸುಜಾತಾ ದಾವಣಗೆರೆ ಕಡೆಯವರು. ಗಂಡ ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್, ಹೆಂಡತಿ ಮನೆ ಹತ್ತಿರದ ನರ್ಸರಿ ಶಾಲೆಯಲ್ಲಿ ಟೀಚರ್. ಬೆಲೆ ಏರುವ ಮುಂಚೆಯೇ ಬ್ರೂಕ್‌ಫೀಲ್ಡಿನಲ್ಲಿ ಒಂದು ಸಣ್ಣ ಫ್ಲ್ಯಾಟ್ ಕೊಂಡು, ಸಾಲ ತೀರಿಸಿ, ಒಬ್ಬಳು ಮಗಳನ್ನು ಓದಿಸುತ್ತಿದ್ದರು. ಈಗ ವರ್ತೂರಿನಲ್ಲಿ ಎಂಟು ಮನೆಗಳ ಒಂದು ಬಿಲ್ಡಿಂಗು ನೋಡಿದ್ದರು. ಊರಿನಲ್ಲಿದ್ದ ಸೈಟು ಮಾರಿದ ಹಣ ಸ್ವಂತದ್ದು, ಉಳಿದದ್ದು ಸಾಲ. ಸಾಲಕ್ಕೆ ಆ ಬಿಲ್ಡಿಂಗಿನ ಜೊತೆಗೆ ಫ್ಲ್ಯಾಟನ್ನೂ ಅಡ ಇಡುವವರಿದ್ದರು.

"ಇರೋ ಒಂದು ಮನೆನೂ ಇಡ್ತಿದೀರಲ್ಲ, ಇಷ್ಟು ಅವಸರ ಯಾಕೆ?" ಎಂದೆ.

"ಅವಸರ ನಮ್ಮದಲ್ರಿ ಸಾರ್, ಕಂಪನಿಯೋರದು" ಎಂದರು ಮಹಾಂತೇಶ್. "ನಮ್ಮ ಲೈನ್ ಎತ್ತಿ ಬೇರೆ ರಾಜ್ಯಕ್ಕೆ ಒಯ್ತಾರಂತೆ. ಇವತ್ತಲ್ಲ ನಾಳೆ ನನಗೆ ಮನಿಗೆ ನಡಿ ಅಂತಾರೆ. ಸಂಬಳದ ಚೀಟಿ ಕೈಯಾಗಿದ್ದಾಗಲೇ ನೀವು ಸಾಲ ಕೊಡೋದು. ಆಮ್ಯಾಲೆ ಬಂದ್ರ ಕುರ್ಚಿನೂ ಕೊಡಂಗಿಲ್ಲ."

ಮಾತು ಸುಳ್ಳಾಗಿರಲಿಲ್ಲ. ಸುಜಾತಾ ಸಣ್ಣ ದನಿಯಲ್ಲಿ, "ನನ್ನ ಸಂಬಳ ಹಾಲಿಗೆ, ಕರೆಂಟಿಗೆ ಸರಿಹೋಗುತ್ತೆ ಸಾರ್. ಬಾಡಿಗೆ ಬಂದರೆ ಕಂತು ತಾನೇ ಕಟ್ಕೊಂಡು ಹೋಗುತ್ತೆ. ಬರದಿದ್ರೆ…" ಎಂದರು. ಬರದಿದ್ದರೆ ಫ್ಲ್ಯಾಟೂ ಹೋಗುತ್ತದೆ.

ಕಾಗದಗಳಲ್ಲಿ ಕೊಂಕಿರಲಿಲ್ಲ. ಖಾತೆ ಸರಿ, ಮೂಲಪತ್ರ ಸರಿ, ಋಣಭಾರ ಪತ್ರದಲ್ಲಿ ಹಳೆಯ ಸಾಲ ಯಾವುದೂ ಇಲ್ಲ. ಮೂರು ಮನೆಗಳ ಬಾಡಿಗೆ ಕರಾರು ಮಾದರಿಗೆಂದು ಲಗತ್ತಿಸಿದ್ದರು. ನಾನು ಒಂದು ಬುಧವಾರ ಹೋದೆ. ಬಿಲ್ಡಿಂಗಿನ ಯಜಮಾನ ಮುನಿರಾಜಣ್ಣ ಅದೇ ಊರಿನವರು. ಕೆರೆಯ ಕಡೆ ಇದ್ದ ತರಕಾರಿ ಜಮೀನಿನಲ್ಲಿ ಮನೆಗಳನ್ನು ಎಬ್ಬಿಸಿದವರು.

"ಬನ್ನಿ ಸಾಮಿ, ಕುಂತ್ಕಳಿ. ಎಂಟರಾಗೆ ಒಂದೂ ಖಾಲಿ ಇಲ್ಲ. ಓದ್ ವಾರ ಯಾರೋ ಕೇಳ್ಕಂಡ್ ಬಂದಿದ್ರು, ಇಲ್ಲ ಅಂದ್ಬುಟ್ಟೆ. ಈ ಕಡೆ ಇಂಗಿರೋ ಮನೆಗೆ ಅನ್ನೆರಡ್ ಸಾವ್ರ ಓಯ್ತದೆ. ಬೇಕಾದ್ರೆ ಆ ಕೊನೆತನ್ಕ ಕೇಳ್ಕಂಡ್ ಬನ್ನಿ."

ಕೇಳಿಕೊಂಡು ಬಂದೆ. ಹನ್ನೆರಡು ಸಾವಿರ ನಿಜವೇ. ಚಪ್ಪಲಿಗಳೂ ನಿಜವೇ: ಹೆಂಗಸರವು, ಮಕ್ಕಳವು, ಒಂದು ಊರುಗೋಲು ಕೂಡ. ಮಧ್ಯಾಹ್ನವಾದ್ದರಿಂದ ಹೆಚ್ಚಿನ ಬಾಗಿಲುಗಳಿಗೆ ಬೀಗ ಬಿದ್ದಿತ್ತು. ಕೆಳಗಿನ ಮನೆಯ ಒಬ್ಬರು ಸಿಕ್ಕಿ, ಹೌದು ಸಾರ್, ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತೇವೆ ಎಂದರು.

"ಮತ್ತೇನ್ರೀ, ಬರೆದುಬಿಡಿ" ಎಂದರು ಪದ್ಮಜಾ ಮೇಡಂ. ವರ್ಷದ ಕೊನೆ, ಟಾರ್ಗೆಟ್ಟಿನ ಕಾಲ. "ನಾಲ್ಕು ಫೋಟೋ ಅಪ್‌ಲೋಡ್ ಮಾಡಿದ್ರೆ ಸಿಸ್ಟಮ್ಮೇ ವ್ಯಾಲ್ಯೂ ಹೇಳುತ್ತೆ. ಈಗ ಯಾರು ಎರಡೆರಡು ಸಲ ಹೋಗ್ತಾರೆ?"

"ಬರೀತೀನಿ ಮೇಡಂ. ಆದರೆ…"

"ಬಂತು ನೋಡಿ!"

ಭಾನುವಾರ ಹೋದೆ. ದೂರದೃಷ್ಟಿ ಗೀರದೃಷ್ಟಿ ಏನಲ್ಲ. ಮನೆಯಲ್ಲಿ ಕೂತರೆ ಅದನ್ನೇ ಯೋಚಿಸಿ ನನ್ನಾಕೆಯ ತಲೆ ತಿನ್ನುತ್ತಿದ್ದೆ, ಆಕೆಯೇ ಹೆಲ್ಮೆಟ್ ತಂದು ಕೈಗಿಟ್ಟು ಕಳಿಸಿದಳು.

ಎರಡನೇ ಮಹಡಿಯಲ್ಲಿ ಹೊಲಿಗೆ ಮೆಷಿನ್ನಿನ ಸದ್ದು ಬರುತ್ತಿತ್ತು. ಬಾಗಿಲು ತೆರೆದೇ ಇತ್ತು. ಸೆಲ್ವಿ ಎನ್ನುವ ಹೆಂಗಸು, ಬ್ಲೌಸ್ ಹೊಲಿಯುವವರು. ಬ್ಯಾಂಕಿನವನು, ಕಟ್ಟಡ ನೋಡಲು ಬಂದಿದ್ದೇನೆ ಎಂದೆ. ಆಮೇಲೆ ನಂಜುಂಡಯ್ಯನವರ ಪ್ರಶ್ನೆ ಹಾಕಿದೆ. ಮನೆ ಯಜಮಾನ ರಿಪೇರಿ ಮಾಡಿಸುವವನೋ ಜಿಪುಣನೋ ತಿಳಿಯಲಿ ಅನ್ನುವಷ್ಟೇ ನನ್ನ ಉದ್ದೇಶ.

"ನಲ್ಲಿ ಸೋರಿದ್ರೆ ಓನರ್‌ಗ್ಯಾಕೆ ಸಾರ್ ಹೇಳೋದು? ನಾವೇ ಮಾಡಿಸ್ಕೋತೀವಿ" ಎಂದರು ಸೆಲ್ವಿ. "ಅಡುಗೆಮನೆ ಟೈಲ್ಸೂ ನಾವೇ ಹಾಕ್ಸಿದ್ದು. ಲೀಸ್‌ಗೆ ಇರೋದಲ್ವಾ."

ನಾನು ನೋಡಿದ ಕಾಗದಗಳಲ್ಲಿ ಲೀಸು ಎನ್ನುವ ಮಾತೇ ಇರಲಿಲ್ಲ.

ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆ ಈ ಲೀಸು, ಅಂದರೆ ಭೋಗ್ಯ, ಗೊತ್ತೇ ಇರುತ್ತದೆ. ಮನೆಗೆ ಬರುವಾಗ ಯಜಮಾನನ ಕೈಗೆ ದೊಡ್ಡ ಮೊತ್ತ ಒಂದೇ ಸಲ ಕೊಡುತ್ತಾರೆ. ಇರುವಷ್ಟು ವರ್ಷ ಬಾಡಿಗೆ ಇಲ್ಲ. ಬಿಡುವಾಗ ಅಷ್ಟೂ ಹಣ ವಾಪಸ್ಸು. ಕರಾರು ಸ್ಟಾಂಪ್ ಪೇಪರಿನ ಮೇಲೆ ಮಾತ್ರ, ನೋಂದಣಿ ಮಾಡಿಸುವವರು ಅಪರೂಪ. ಹಾಗಾಗಿ ಋಣಭಾರ ಪತ್ರದಲ್ಲಿ ಅದು ಕಾಣುವುದೂ ಇಲ್ಲ. ಬಾಗಿಲ ಮುಂದೆ ಚಪ್ಪಲಿ ಇರುತ್ತದೆ, ತಂತಿಯ ಮೇಲೆ ಬಟ್ಟೆ ಇರುತ್ತದೆ, ಮೀಟರು ತಿರುಗುತ್ತಿರುತ್ತದೆ. ತಿಂಗಳಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಮೇಲಿಂದ, ಕೊಂಡವನೇ ಆ ಹಣ ಹಿಂದಿರುಗಿಸಬೇಕಾಗಿ ಬರುತ್ತದೆ.

"ನಿಮ್ಮೊಬ್ಬರದೇ ಲೀಸಾ ಅಮ್ಮ, ಬೇರೆಯವರದೂ ಇದೆಯಾ?" ಎಂದೆ.

ಸೆಲ್ವಿ ಬೆರಳು ಮಡಿಸಿದರು. ಎಂಟರಲ್ಲಿ ಐದು. ನಾನು ಪ್ರತಿ ಬಾಗಿಲು ತಟ್ಟಿ ಖಾತ್ರಿ ಮಾಡಿಕೊಂಡೆ. ಐದು ಮನೆಯ ಹಣ ಸೇರಿಸಿದರೆ ಬ್ರೂಕ್‌ಫೀಲ್ಡ್ ಫ್ಲ್ಯಾಟಿನ ಅರ್ಧ ಬೆಲೆ. ಮೆಟ್ಟಿಲಿಳಿಯುವಾಗ ಸೆಲ್ವಿ ಹಿಂದೆಯೇ ಬಂದರು. "ಸಾರ್, ಬಿಲ್ಡಿಂಗ್ ಮಾರ್ತಾರಾ? ಹಂಗಾದ್ರೆ ನಮ್ ದುಡ್ಡು ಯಾರು ಕೊಡ್ತಾರೆ?" ಎಂದು ಕೇಳಿದರು. ಗೊತ್ತಿಲ್ಲಮ್ಮ ಎಂದೆ. ಗೊತ್ತಿರಲೂ ಇಲ್ಲ.

ಮರುದಿನ ಮಹಾಂತೇಶ್ ದಂಪತಿಯನ್ನು ಕರೆಸಿ ಹೇಳಿದೆ. ಬರುವುದು ಎಂಟು ಮನೆಯ ಬಾಡಿಗೆಯಲ್ಲ, ಮೂರು ಮನೆಯದು. ಅದರಲ್ಲಿ ಕಂತಿನ ಅರ್ಧವೂ ಏಳುವುದಿಲ್ಲ. ಮಹಾಂತೇಶರಿಗೆ ಸಿಟ್ಟು ನೆತ್ತಿಗೇರಿತು, ನನ್ನ ಮೇಲೆ.

"ಏನ್ರಿ ಸಾರ್, ನಿಮ್ಮ ಕೆಲಸ ಸಾಲ ಕೊಡೋದೋ, ಮಂದಿನ ಹೆದರಿಸೋದೋ? ಅಡ್ವಾನ್ಸ್ ಕೊಟ್ಟಾಗೇತಿ. ಕಂಪನಿಯಾಗ ಲಿಸ್ಟ್ ರೆಡಿ ಆಗೇತಿ ಅಂತಾರ. ಈಗ ಬಿಟ್ರೆ ನನಗ ಮತ್ಯಾರು ಸಾಲ ಕೊಡ್ತಾರ?"

"ಈಗ ಕೊಂಡರೆ ಫ್ಲ್ಯಾಟು ಉಳಿಯಲ್ಲ" ಎಂದೆ.

"ಹಂಗಂತ ನೀವು ಬೊಮ್ಮಸಂದ್ರದೋರಿಗೂ ಹೇಳಿದ್ರಂತಲ್ಲ!"

ಸ್ವೀಟ್ ಬಾಕ್ಸಿನ ಖ್ಯಾತಿ ಅಲ್ಲಿಯವರೆಗೂ ಹೋಗಿತ್ತು. ಸುಜಾತಾ ಗಂಡನ ತೋಳು ಹಿಡಿದು ಕೂರಿಸಿದರು. "ನಾವು ಆ ಮುನಿರಾಜಣ್ಣನ ಹತ್ರ ಏನು ಕೇಳಿದ್ವಿ ಅಂತ ನೆನಪು ಮಾಡ್ಕೊಳ್ರಿ. ಮನೆ ತುಂಬಿದಾವಾ ಅಂದ್ವಿ. ಬಾಡಿಗೆ ಎಷ್ಟು ಹೋಗುತ್ತೆ ಅಂದ್ವಿ. ನಾವೇ ಗುಣಾಕಾರ ಮಾಡ್ಕೊಂಡ್ವಿ" ಎಂದರು.

ನನಗೆ ತೋಚಿದ್ದು ಒಂದೇ ದಾರಿ: ಸಾಲ ಬೇಡ ಎಂದು ಬರೆಯುವುದು. ಪದ್ಮಜಾ ಮೇಡಂ ಕಡತ ಎಳೆದುಕೊಂಡರು. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಪೆನ್ನಿನ ತುದಿ ಕಚ್ಚುತ್ತ ಲೆಕ್ಕವನ್ನೆಲ್ಲ ಓದಿ, "ಹೆದರೋ ಕೆಲಸ ನೀವು ಚೆನ್ನಾಗಿ ಮಾಡಿದೀರಿ. ಮುಂದಿಂದು ನನಗೆ ಬಿಡಿ" ಎಂದರು. ಅವರು ಹೇಳಿದ ದಾರಿ ಸರಳವಾಗಿತ್ತು. ಬೆಲೆ ಮಾತಾಡಿದಷ್ಟೇ ಇರಲಿ. ಆದರೆ ಐದು ಮನೆಯವರ ಭೋಗ್ಯದ ಹಣವನ್ನು ಅದೇ ಬೆಲೆಯಲ್ಲಿ ಕತ್ತರಿಸಿ, ನೋಂದಣಿಯ ದಿನ ಅವರವರ ಹೆಸರಿಗೆ ಬ್ಯಾಂಕೇ ಡಿ.ಡಿ. ಕೊಡುತ್ತದೆ. ಉಳಿದದ್ದು ಮುನಿರಾಜಣ್ಣನಿಗೆ. ಇರುವವರು ಅಂದಿನಿಂದ ಬಾಡಿಗೆ ಕರಾರು ಮಾಡಿಕೊಂಡು ಇರಲಿ, ಹೋಗುವವರು ಹೋಗಲಿ. ಸಾಲ ಎಷ್ಟು ಎಂದರೆ, ಎಂಟು ಮನೆಗೆ ನನ್ನ ಹತ್ತು ತಿಂಗಳ ಲೆಕ್ಕದಲ್ಲಿ ಬರುವ ಬಾಡಿಗೆ ಹೊರುವಷ್ಟೇ. ಕಡಿಮೆ ಬಿದ್ದದ್ದಕ್ಕೆ ಸುಜಾತಾ ಮಗಳ ಮದುವೆಗೆಂದು ಎತ್ತಿಟ್ಟಿದ್ದ ಠೇವಣಿ ಮುರಿಸಲು ಒಪ್ಪಿದರು. "ಮದುವೆಗೆ ಇನ್ನೂ ಟೈಮಿದೆ. ಅವಳು ಈಗ ಎಂಟನೇ ಕ್ಲಾಸು" ಎಂದರು.

ಮುನಿರಾಜಣ್ಣ ಒಪ್ಪಬೇಕಲ್ಲ. ಮುಂದಿನ ಭಾನುವಾರ ನಾನೂ ಮಹಾಂತೇಶ್ ದಂಪತಿಯೂ ಅವರ ಮನೆಯಂಗಳದಲ್ಲಿ ಕೂತೆವು. ಸೆಲ್ವಿ, ಕರೆಯದಿದ್ದರೂ, ಉಳಿದ ನಾಲ್ಕು ಮನೆಯವರನ್ನೂ ಕರೆದುಕೊಂಡು ಬಂದಿದ್ದರು.

"ನಾನೇನ್ ಸುಳ್ ಏಳಿದ್ನಾ ಸಾಮಿ?" ಎಂದರು ಮುನಿರಾಜಣ್ಣ. "ತುಂಬೈತಾ ಅಂದ್ರು, ತುಂಬೈತೆ ಅಂದೆ. ಬಾಡ್ಗೆ ಎಷ್ಟು ಓಯ್ತದೆ ಅಂದ್ರು, ಅನ್ನೆರಡು ಅಂದೆ. ಮುನಿರಾಜಣ್ಣ, ನಿನ್ ಕೈಗೆ ಎಷ್ಟ್ ಬತ್ತದೆ ಅಂತ ಒಬ್ರಾದ್ರೂ ಕೇಳುದ್ರಾ?"

ಈ ಕೆಲಸಕ್ಕೆ ಸೇರುವವರಿಗೆ ನಾನು ಹೇಳಬೇಕಾದ ಇನ್ನರ್ಧ ವಿದ್ಯೆ ಆ ಒಂದು ಮಾತಿನಲ್ಲೇ ಇದೆ.

"ಭೋಗ್ಯದ ಕಾಸು ಈ ಮಹಡಿಗಳಿಗೇ ಸುರ್ದಿದ್ದು. ಈಗ ಅಷ್ಟೂ ಕತ್ತರಿಸ್ಕಂಡ್ರೆ ನನಗೇನ್ ಉಳೀತದೆ? ಈ ಯಾಪಾರವೇ ಬ್ಯಾಡ. ಬೇರೆಯೋರ್ಗೆ ಕೊಡ್ತೀನಿ" ಎಂದು ಎದ್ದರು.

"ಕೊಡಿ ಅಣ್ಣ" ಎಂದರು ಸೆಲ್ವಿ, ಬಹಳ ವಿನಯದಿಂದ. "ಯಾರು ನೋಡಕ್ ಬಂದ್ರೂ ನಾನೇ ಮೇಲೆ ಕರ್ಕೊಂಡ್ಹೋಗಿ, ಕಾಫಿ ಕೊಟ್ಟು, ಎಲ್ಲಾ ಹೇಳ್ತೀನಿ."

ಒಬ್ಬರು ಕಿಸಕ್ಕೆಂದರು. ಆಮೇಲೆ ಎಲ್ಲರೂ. ಮುನಿರಾಜಣ್ಣ ನಿಂತಲ್ಲೇ ಒಂದು ಕ್ಷಣ ಸೆಲ್ವಿಯನ್ನು ದುರುಗುಟ್ಟಿ ನೋಡಿ, ಟವೆಲ್ ಕೊಡವಿ ಮತ್ತೆ ಕೂತರು. "ಈವಮ್ಮನಿಗೆ ಮನೆ ಕೊಟ್ಟಿದ್ದೇ ತಪ್ಪಾಯ್ತು ಕಣ್ರಪ್ಪ" ಎಂದರು. ಕತ್ತರಿಸಿ ಉಳಿದದ್ದೂ ಸಣ್ಣ ಮೊತ್ತವಲ್ಲ ಎನ್ನುವುದು ಅವರಿಗೂ ಗೊತ್ತಿತ್ತು.

ನೋಂದಣಿಯ ದಿನ ಮಹಾಂತೇಶ್ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಂದರು. ನಾನು ಐದು ಡಿ.ಡಿ.ಗಳಲ್ಲಿ ಹೆಸರಿನ ಅಕ್ಷರ ಸರಿ ಇದೆಯೇ ಎಂದು ಪದೇ ಪದೇ ನೋಡಿ ಪದ್ಮಜಾ ಮೇಡಂ ಕೈಲಿ ಬೈಸಿಕೊಂಡೆ. ಮೂರು ಮನೆಯವರು ಬಾಡಿಗೆಗೆ ಉಳಿದರು, ಅವರಲ್ಲಿ ಸೆಲ್ವಿಯೂ ಒಬ್ಬರು. ಇಬ್ಬರು ಖಾಲಿ ಮಾಡಿದರು. ಆ ಎರಡು ಮನೆ ತುಂಬುವ ತನಕ ಚಿಂತೆ ಮಾಡಿದ್ದು ಮಹಾಂತೇಶರಿಗಿಂತ ನಾನೇ ಹೆಚ್ಚು. ಆ ಕಡೆ ಕೆಲಸವಿಲ್ಲದಿದ್ದರೂ ಬೈಕ್ ತಿರುಗಿಸಿ ಹೋಗಿ, ಗೇಟಿನ ಮೇಲೆ 'ಮನೆ ಬಾಡಿಗೆಗೆ ಇದೆ' ಬೋರ್ಡು ಇನ್ನೂ ಇದೆಯಾ ಅಂತ ನೋಡಿಕೊಂಡು ಬರುತ್ತಿದ್ದೆ. ಒಂದು ದಿನ ಇರಲಿಲ್ಲ. ಗಾಳಿಗೆ ಬಿದ್ದಿರಬಹುದೇ ಎಂದು ಇಳಿದು ಚರಂಡಿಯಲ್ಲೂ ನೋಡಿದೆ.

ಮಳೆಗಾಲ ಕಳೆಯುವ ಹೊತ್ತಿಗೆ ಬೊಮ್ಮಸಂದ್ರದ ಆ ಕಾರ್ಖಾನೆ ಲೈನು ನಿಲ್ಲಿಸಿತು. ಸುದ್ದಿ ತಿಳಿದಾಗಿನಿಂದ ನಾನು ಕಂತಿನ ದಿನ ಬರುವುದನ್ನೇ ಕಾಯುತ್ತಿದ್ದೆ. ಆ ದಿನ ಆಫೀಸಿಗೆ ಹೋಗಿ, ಕಂಪ್ಯೂಟರಿನಲ್ಲಿ ಅವರ ಖಾತೆ ತೆರೆಯಲು ಧೈರ್ಯ ಸಾಲದೆ, ಮೊದಲು ಟೀ ಕುಡಿದೆ, ಆಮೇಲೆ ಬೇರೆಯವರ ಖಾತೆ ನಾಲ್ಕು ನೋಡಿದೆ. ಅಷ್ಟರಲ್ಲಿ ಫೋನ್ ಬಂತು. ಮಹಾಂತೇಶ್.

"ಸಾರ್, ಕಂತು ಹೋಯ್ತಾ ನೋಡ್ರಿ ಒಂಚೂರು."

ನೋಡಿದೆ. ಹೋಗಿತ್ತು. ಬಾಡಿಗೆ ಹಣದಿಂದಲೇ ಹೋಗಿ, ಖಾತೆಯಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು ಕೂಡ.

"ಹೋಗಿದೆ" ಎಂದೆ.

ಫೋನಿನಲ್ಲಿ ಹಿಂದಿನಿಂದ ಸುಜಾತಾ "ಏನಂತೆ, ಏನಂತೆ" ಎನ್ನುವುದು ಕೇಳುತ್ತಿತ್ತು.

"ಈ ತಿಂಗಳು ಸಂಬಳ ಬರಲಿಲ್ಲ ಸಾರ್" ಎಂದರು ಮಹಾಂತೇಶ್. "ನೌಕರಿಗೆ ಸೇರಿದ ಮ್ಯಾಲೆ ಸಂಬಳ ಇಲ್ಲದ ಮೊದಲನೇ ತಿಂಗಳು ಇದು. ಮಗಳ ಫೀಸೂ ಕಟ್ಟೀವಿ." ಆಮೇಲೆ ಹೆಂಡತಿಯ ಕಡೆ ತಿರುಗಿ "ಹೋಗೇತಂತ" ಎಂದರು. "ಸರಿ ಸಾರ್, ಇಡ್ತೀನಿ. ಎಷ್ಟೋ ವರ್ಷ ನೈಟ್ ಶಿಫ್ಟ್ ಮಾಡೀನಿ. ಈಗ ಒಂದ್ ತಾಸು ಮಲಗಿ ಏಳ್ತೀನಿ."